ಯಾರ ಊರಿನ ಜಿರಲೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಹೊಸ ಕಿಚನ್ ಟ್ರಾಲಿ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದು ದೀಪ ಹಾಕಿದರೆ ಅಡುಗೆಕಟ್ಟೆಯ ಮೇಲೆ ಐದಾರು ಕಂದು ಜೀವಗಳು. ಒಂದು ಗಳಿಗೆ ಮೀಸೆ ಆಡಿಸುತ್ತ ನಿಂತು, ಮಿಕ್ಸಿಯ ಹಿಂದಕ್ಕೆ ಸರ್ರನೆ ಸರಿದುಹೋದವು. ಗಟಾರದಿಂದ ಮೇಲೆ ಬರುವ ಗಜಗಾತ್ರದ ಜಿರಲೆಯಾಗಿದ್ದರೆ ಚಪ್ಪಲಿ ಹುಡುಕುತ್ತಿದ್ದೆ. ಆ ಜಿರಲೆಗೂ ನನಗೂ ಹುಟ್ಟಿದಾರಭ್ಯ ಪರಿಚಯ. ಇವು ಹುಣಸೆ ಬೀಜದಷ್ಟು ಚಿಕ್ಕವು, ತಲೆಯ ಹಿಂದೆ ಯಾರೋ ಪೆನ್ನಿನಲ್ಲಿ ಎಳೆದಂತೆ ಎರಡು ಕಪ್ಪು ಗೆರೆ. ಒಂದನ್ನು ಕಂಡರೆ ಒಳಗೆ ನೂರಿವೆ ಎಂದೇ ಲೆಕ್ಕ.

ಬೆಳಿಗ್ಗೆ ಎದುರುಮನೆಯ ಕಾಕೂಗೆ ಹೇಳಿದೆ. ‘ಝುರಳ? ಆಮಚ್ಯಾಕಡೆ ನಾಹೀ ಬಾಯಿ’, ನಮ್ಮಲ್ಲಿಲ್ಲಮ್ಮ, ಎಂದು ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಅಂದರು, ನಾನೇ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ ಎಂಬಂತೆ. ಅವರ ಝುರಳ, ನಮ್ಮ ಜಿರಲೆ: ಹೆಸರು ಮಾತ್ರ ಎಷ್ಟು ಹತ್ತಿರ ನೋಡಿ. ಮೇಲಿನ ಮಹಡಿಯವರನ್ನು ಕೇಳಿದರೆ ಅದು ಕೆಳಗಿನಿಂದ ಬಂದದ್ದು ಎಂದರು. ಕೆಳಗಿನವರು ಮೇಲಕ್ಕೆ ಕೈ ತೋರಿಸಿದರು. ಒಟ್ಟು ಕಟ್ಟಡದಲ್ಲಿ ಜಿರಲೆ ಹುಟ್ಟಿದ ಮನೆ ಎಂಬುದೊಂದು ಇರಲೇ ಇಲ್ಲ.

ಪೆಸ್ಟ್ ಕಂಟ್ರೋಲ್‌ನ ಹುಡುಗ ಬಂದ. ಸಿರಿಂಜಿನಂಥ ಕೊಳವೆಯಿಂದ ಟ್ರಾಲಿಯ ಮೂಲೆಮೂಲೆಗೂ ಕಂದು ಜೆಲ್ಲಿನ ಚುಕ್ಕಿ ಇಟ್ಟ. ಹದಿನೈದು ದಿನ ಅಲ್ಲೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ ಎಂದು ಹೇಳಿ, ಸಹಿ ಹಾಕಿಸಿಕೊಂಡು ಹೋದ. ಮೂರು ವಾರ ಕಳೆದ ಮೇಲೆ ಬ್ಯಾಟರಿ ಹಿಡಿದು ನೋಡಿದರೆ ಚುಕ್ಕಿಗಳು ಇಟ್ಟ ಹಾಗೇ ಒಣಗಿ ಕೂತಿವೆ. ಅವುಗಳ ಪಕ್ಕದಲ್ಲೇ ಕರಿಮೆಣಸನ್ನು ಕುಟ್ಟಿ ಉದುರಿಸಿದಂತೆ ಜಿರಲೆಯ ಹಿಕ್ಕೆ. ಬಂದು, ನೋಡಿ, ಮೂಸಿ, ಬೇಡ ಎಂದು ಹೋಗಿದ್ದವು! ಸತ್ಯ ಹೇಳಬೇಕೆಂದರೆ ನನಗೆ ಅವಮಾನವೇ ಆಯಿತು.

ಅದೇ ಹೊತ್ತಿಗೆ, 2024ರ ಮೇ ತಿಂಗಳಲ್ಲಿ, ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತು ಮೊಬೈಲು ನೋಡುತ್ತಿದ್ದಾಗ ಆ ಸುದ್ದಿ ಕಣ್ಣಿಗೆ ಬಿತ್ತು. ಚಿತ್ರದಲ್ಲಿದ್ದದ್ದು ನಮ್ಮನೆಯದೇ ಜಿರಲೆ, ಅದೇ ಎರಡು ಗೆರೆ. ಇಣುಕಿ ನೋಡಿದ ಪಕ್ಕದ ಹುಡುಗಿ ‘ಶೀ!’ ಎಂದು ಮುಖ ತಿರುಗಿಸಿದಳು. ಠಾಣೆ ಬರುವುದರೊಳಗೆ ನಾನು ಎರಡು ಸಲ ಓದಿ ಮುಗಿಸಿದ್ದೆ.

ಈ ಚಿಕ್ಕ ಜಿರಲೆಗೆ ಜಗತ್ತಿನಲ್ಲೆಲ್ಲ ಜರ್ಮನ್ ಜಿರಲೆ ಎಂದೇ ಹೆಸರು. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದನ್ನು ವಿವರಿಸಿದಾಗ ಕೈಗೆ ಸಿಕ್ಕ ಮಾದರಿಗಳ ಊರು ನೋಡಿ ‘ಜರ್ಮಾನಿಕಾ’ ಎಂದು ಬರೆದುಬಿಟ್ಟ. ಆದರೆ ಯುರೋಪಿನ ಕಾಡಿನಲ್ಲಿ ಅದಕ್ಕೆ ಹತ್ತಿರದ ಬಂಧು ಒಂದೂ ಇಲ್ಲ. ಇನ್ನೂ ವಿಚಿತ್ರವೆಂದರೆ ಅದೇ ಯಾವ ಕಾಡಿನಲ್ಲೂ ಇಲ್ಲ. ಮನುಷ್ಯ ಕಟ್ಟಿದ ಗೋಡೆಗಳ ಆಚೆ ಅದಕ್ಕೆ ಬದುಕೇ ಇಲ್ಲ. ಹಾಗಾದರೆ ಬಂದದ್ದೆಲ್ಲಿಂದ? ಚಿಯಾನ್ ಟಾಂಗ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 17 ದೇಶಗಳಿಂದ 281 ಜಿರಲೆಗಳನ್ನು ತರಿಸಿ ಡಿಎನ್ಎ ತಾಳೆ ನೋಡಿದರು. ವಂಶಾವಳಿಯ ಬೇರು ಸಿಕ್ಕಿದ್ದು ನಮ್ಮ ಕಡೆಯಲ್ಲಿ. ಸುಮಾರು 2,100 ವರ್ಷಗಳ ಹಿಂದೆ, ಭಾರತ ಇಲ್ಲವೇ ಮ್ಯಾನ್ಮಾರ್‌ನಲ್ಲಿ, ಬಯಲಿನ ತರಗೆಲೆಗಳಲ್ಲಿ ಬದುಕುವ ಏಷ್ಯನ್ ಜಿರಲೆಯಿಂದ ಇದು ಕವಲೊಡೆದು ಮನೆಯೊಳಕ್ಕೆ ಬಂದಿತ್ತು.

ಆ ಏಷ್ಯನ್ ಜಿರಲೆ ಈಗಲೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ. ಆದರೆ ಅದು ಚೆನ್ನಾಗಿ ಹಾರುತ್ತದೆ, ದೀಪ ಕಂಡರೆ ಅದರತ್ತಲೇ ಬರುತ್ತದೆ. ಮನೆ ಸೇರಿದ್ದಕ್ಕೆ ರೆಕ್ಕೆ ಇದ್ದೂ ಹಾರಾಟ ಮರೆತುಹೋಗಿದೆ, ದೀಪ ಹಾಕಿದರೆ ಓಟ. 2,100 ವರ್ಷಗಳ ಹಿಂದೆ ಅಂದರೆ ಈ ಸೀಮೆಯಲ್ಲಿ ಸಾತವಾಹನರ ಆಳ್ವಿಕೆ. ನಮಗೆ ಹತ್ತಿರದ ಕಲ್ಯಾಣ ಅದಾಗಿ ಸ್ವಲ್ಪ ಕಾಲಕ್ಕೆ ಗ್ರೀಕ್ ನಾವಿಕರ ಬರಹದಲ್ಲಿ ಹೆಸರು ಬರುವಷ್ಟು ದೊಡ್ಡ ಬಂದರು. ಯಾವುದೋ ಅಜ್ಜಿಯ ಒಲೆಯ ಪಕ್ಕದ ಬೆಚ್ಚನೆ ಸಂದಿಗೆ ಮೊದಲ ಜಿರಲೆ ಬಂದು ಕೂತ ರಾತ್ರಿಯನ್ನು ನಾನು ಆ ದಿನವೆಲ್ಲ ಕಲ್ಪಿಸಿಕೊಳ್ಳುತ್ತಿದ್ದೆ. ಬ್ಯಾಂಕಿನಲ್ಲಿ ಎರಡು ವೋಚರು ತಪ್ಪಿದವು.

ಅಲ್ಲಿಂದ ಮುಂದಿನದು ವಲಸೆಯ ಕತೆ. ಸುಮಾರು 1,200 ವರ್ಷಗಳ ಹಿಂದೆ ಅರಬರ ವ್ಯಾಪಾರ, ದಂಡಯಾತ್ರೆಗಳ ಜೊತೆ ಪಶ್ಚಿಮ ಏಷ್ಯಾಕ್ಕೆ. ಸುಮಾರು 390 ವರ್ಷಗಳ ಹಿಂದೆ ಯುರೋಪಿನ ಕಂಪನಿಗಳ ಹಡಗಿನಲ್ಲಿ ಪೂರ್ವಕ್ಕೆ. ಯುರೋಪಿಗೆ ಕಾಲಿಟ್ಟದ್ದು ಬರೀ 270 ವರ್ಷಗಳ ಹಿಂದೆ. ಅಂದರೆ ಲಿನೇಯಸ್ ಹೆಸರಿಡುವ ಹೊತ್ತಿಗೆ ಅದು ಅಲ್ಲಿಗೆ ಹೊಸ ಬಾಡಿಗೆದಾರ. ಆ ಕಾಲದ ಯುದ್ಧಗಳಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯದವರು ಅದನ್ನು ರಷ್ಯನ್ ಎಂದರಂತೆ. ರಷ್ಯದವರು ಇವತ್ತಿಗೂ ಅದನ್ನು ಕರೆಯುವುದು ‘ಪ್ರುಸಾಕ್’, ಅಂದರೆ ಪ್ರಷ್ಯದವನು ಎಂದೇ. ಇದನ್ನು ಓದಿದಾಗ ಕಾಕೂವಿನ ಅರ್ಧ ಮುಚ್ಚಿದ ಬಾಗಿಲು ನೆನಪಾಗಿ, ಗರ್ದಿಯಲ್ಲಿ ಒಬ್ಬಳೇ ನಕ್ಕೆ. ಗಟಾರದ ದೊಡ್ಡಣ್ಣನಿಗೂ ಇದೇ ಪಾಡು. ಹೆಸರು ಅಮೆರಿಕನ್ ಜಿರಲೆ, ಮೂಲ ಆಫ್ರಿಕಾ.

ರಾತ್ರಿ ಅಪ್ಪಯ್ಯನಿಗೆ ಓದಿ ಹೇಳಿದೆ. ಅಪ್ಪಯ್ಯ ಕುಂದಾಪುರದ ಹತ್ತಿರದ ಹಳ್ಳಿಯಿಂದ 1959ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಪರಿಚಯದ ಭಟ್ಟರೊಬ್ಬರ ಬೆನ್ನು ಹಿಡಿದು ಬೊಂಬಾಯಿಗೆ ಬಂದವರು. ಫೋರ್ಟಿನ ಹೋಟೆಲೊಂದರಲ್ಲಿ ಮೊದಲು ಕಪ್ಪುಬಸಿ ತೊಳೆಯುವ ಕೆಲಸ, ಆಮೇಲೆ ಮಾಣಿ, ಮತ್ತೆ ಕನ್ನಡದ ರಾತ್ರಿಶಾಲೆಯಲ್ಲಿ ಕಲಿತ ಲೆಕ್ಕದ ಬಲದಿಂದ ಗಲ್ಲಾ. ರಾತ್ರಿ ಶಟರ್ ಎಳೆದ ಮೇಲೆ ಗಿರಾಕಿಗಳು ಉಂಡ ಮೇಜೇ ಮಾಣಿಗಳ ಮಂಚ. ಮೇಜಿನ ಕಾಲಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಮಲಗುತ್ತಿದ್ದರಂತೆ. ಇಲ್ಲದಿದ್ದರೆ ಕಿವಿಯ ಹತ್ತಿರ ಮೀಸೆ ತಾಗುವುದು. ಜಿರಲೆಯ ವಿಷಯದಲ್ಲಿ ಅವರು ಹೇಳುವುದು ಒಂದೇ ಮಾತು: ಸಂದಿ ಇಲ್ಲದಿದ್ದರೆ ಜಿರಲೆ ಇಲ್ಲ. ಟ್ರಾಲಿ ಹಾಕಿಸುವಾಗಲೂ ಇದನ್ನೇ ಹೇಳಿದ್ದರು, ನಾನು ಕೇಳಿರಲಿಲ್ಲ.

ಅದು ಬರೀ ಅನುಭವದ ಮಾತೂ ಅಲ್ಲ. ಈ ಕೀಟಕ್ಕೆ ಹೊಟ್ಟೆಯೂ ಬೆನ್ನೂ ಎರಡೂ ಏನನ್ನಾದರೂ ಮುಟ್ಟಿಕೊಂಡಿದ್ದರೇ ನೆಮ್ಮದಿ. ಬೆಳೆದ ಜಿರಲೆಗೆ ಬೇಕಾದ ಸಂದಿ ಸುಮಾರು 5 ಮಿಲಿಮೀಟರ್, ಮರಿಗೆ ಅದಕ್ಕಿಂತಲೂ ಕಿರಿದು. ಪ್ಲೈವುಡ್ಡಿಗೂ ಗೋಡೆಗೂ ನಡುವೆ ಬಡಗಿ ಬಿಡುವುದು ಹೆಚ್ಚುಕಡಿಮೆ ಅಷ್ಟೇ. ಲಕ್ಷ ರೂಪಾಯಿ ಕೊಟ್ಟು ನಾನು ಕಟ್ಟಿಸಿದ್ದು ಅವುಗಳ ಚಾಳು.

ಓದಿದ್ದನ್ನೆಲ್ಲ ಕೇಳಿ ಅಪ್ಪಯ್ಯ ಅಂದದ್ದು ಇಷ್ಟೇ: ‘ಹಾಂಗಾರೆ ಅದ್ ನಮ್ಮ ಬದಿದೇ ಅಂಬ್ರ್ ಕಾಣ್.’ ಸ್ವಲ್ಪ ಹೊತ್ತು ಬಿಟ್ಟು ಅರವತ್ತರ ದಶಕದ ಕೊನೆಯ ಮಾತೆತ್ತಿದರು. ‘ಹಟಾವ್ ಲುಂಗಿ, ಬಜಾವ್ ಪುಂಗಿ’ ಎಂದು ಕೂಗುತ್ತ ದಕ್ಷಿಣದವರ ವಿರುದ್ಧ ಮೆರವಣಿಗೆ ಬರುವಾಗ ಧಣಿಗಳು ಅರ್ಧ ದಿನಕ್ಕೇ ಶಟರ್ ಎಳೆಸಿದ್ದು, ಒಳಗೆ ಕತ್ತಲಲ್ಲಿ ಹದಿನೆಂಟು ಹುಡುಗರು ಉಸಿರು ಬಿಗಿಹಿಡಿದು ಕೂತದ್ದು. ಈ ಕತೆ ಮೊದಲೂ ಕೇಳಿದ್ದೆ. ಜಿರಲೆಯ ಕತೆಯ ಬೆನ್ನಿಗೆ ಕೇಳಿದ್ದು ಅದೇ ಮೊದಲು.

ಇನ್ನು ಮುಟ್ಟದೆ ಬಿಟ್ಟ ಜೆಲ್ಲಿನ ವಿಷಯ. ಇದರ ಹಿಂದೆ ಬಿದ್ದಾಗ ಸಿಕ್ಕಿದ್ದು ನನ್ನ ಮಟ್ಟಿಗೆ ವಂಶಾವಳಿಗಿಂತಲೂ ದೊಡ್ಡ ಬೆರಗು. ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಸಿಹಿಯಲ್ಲಿ ವಿಷ ಬೆರೆಸಿದ ಆಮಿಷಗಳು ಬಂದವು. ಸಿಹಿಗೆ ಹೆಚ್ಚಾಗಿ ಬಳಸಿದ್ದು ಗ್ಲೂಕೋಸು. ಮೊದಮೊದಲು ಅದ್ಭುತ ಫಲ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಕೆಲವೆಡೆ ಜಿರಲೆಗಳು ಆಮಿಷವನ್ನು ಮುಟ್ಟುವುದನ್ನೇ ಬಿಟ್ಟವು. ವಿಷ ತಿಂದು ಅರಗಿಸಿಕೊಳ್ಳುವುದನ್ನು ಕಲಿತಿರಬೇಕು ಎಂದು ಎಲ್ಲರ ಎಣಿಕೆ. ಜೂಲ್ಸ್ ಸಿಲ್ವರ್‌ಮನ್ ಎಂಬ ಕೀಟತಜ್ಞ ಫ್ಲಾರಿಡಾದಿಂದ ತಂದ ಜಿರಲೆಗಳಿಗೆ ಆಮಿಷದ ಒಂದೊಂದೇ ಪದಾರ್ಥವನ್ನು ಬಿಡಿಬಿಡಿಯಾಗಿ ಇಟ್ಟು ನೋಡಿದ. ವಿಷದ ತಂಟೆಯೇ ಇರಲಿಲ್ಲ. ಗ್ಲೂಕೋಸಿಗೆ ಮಾತ್ರ ಹಿಂಜರಿದು ಹೋಗುತ್ತಿದ್ದವು. ಮರಿಗಳಿಗೂ ಅದೇ ಹಟ, ಅಂದರೆ ಪೆಟ್ಟು ತಿಂದು ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು. ಇದನ್ನು ಅವನು 1993ರಲ್ಲಿ ಪ್ರಕಟಿಸಿದ.

ಕಾರಣ ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 2013ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಅಯಾಕೊ ವಾಡಾ-ಕತ್ಸುಮಾತಾ, ಸಿಲ್ವರ್‌ಮನ್ ಮತ್ತು ಕೋಬಿ ಶಾಲ್ ಸೇರಿ ಜಿರಲೆಯ ಬಾಯಿಯ ಸುತ್ತಲಿನ ರುಚಿಗೂದಲುಗಳ ನರಗಳಿಗೆ ತಂತಿ ಹಚ್ಚಿ ನೋಡಿದರು. ಸಾಮಾನ್ಯ ಜಿರಲೆಯಲ್ಲಿ ಗ್ಲೂಕೋಸು ತಾಗಿದರೆ ಸಿಹಿಯ ನರ ಮಿಡಿಯುತ್ತದೆ. ಈ ಜಿರಲೆಗಳಲ್ಲಿ ಕಹಿಯ ನರವೂ ಜೊತೆಗೇ ಮಿಡಿದು ಸಿಹಿಯನ್ನು ಅಡಗಿಸಿಬಿಡುತ್ತದೆ. ಸಕ್ಕರೆ ಹಾಗಲಕಾಯಿಯಾಗಿದೆ! ಹಸಿದು ಸತ್ತರೂ ಸರಿ ಎನ್ನುವಷ್ಟಲ್ಲವಾದರೂ, ಬಾಯಿಗೆ ತಾಗಿದ ಕೂಡಲೇ ಹಿಂದಕ್ಕೆ ಹಾರುತ್ತವೆ. ಹಣ್ಣಿನ ಸಕ್ಕರೆ ಕೊಟ್ಟರೆ ಮಾತ್ರ ಎಂದಿನಂತೆ ತಿನ್ನುತ್ತವೆ.

ಕಹಿ ರುಚಿ ಹುಟ್ಟಿರುವುದೇ ವಿಷದಿಂದ ದೂರ ಇರಲೆಂದು. ಅಂದಮೇಲೆ ವಿಷ ಬೆರೆತ ಸಿಹಿ ಕಹಿಯಾಗಿ ಕಾಣುವ ಒಂದೆರಡು ಜಿರಲೆಗಳು ಯಾವುದೋ ಅಡುಗೆಮನೆಯಲ್ಲಿ ಮೊದಲೇ ಇದ್ದವು. ಉಳಿದವು ಸತ್ತವು, ಇವು ಸಂಸಾರ ಬೆಳೆಸಿದವು. ಹೆಣ್ಣೊಂದು ಮೂವತ್ತು ನಲವತ್ತು ಮೊಟ್ಟೆಗಳ ಪೆಟ್ಟಿಗೆಯನ್ನು ಹಿಂಬದಿಗೆ ಕಚ್ಚಿಕೊಂಡೇ ತಿರುಗುತ್ತದೆ, ಒಡೆಯುವ ಹೊತ್ತಿನವರೆಗೂ ಬಿಡುವುದಿಲ್ಲ. ನಮ್ಮೂರಿನ ಸೆಕೆಗೆ ಮರಿ ದೊಡ್ಡದಾಗಲು ಎರಡು ತಿಂಗಳು ಸಾಕು. ಸೊಸೈಟಿಯ ಒಂದು ಮೀಟಿಂಗಿಗೂ ಇನ್ನೊಂದಕ್ಕೂ ನಡುವೆ ಅವುಗಳದು ಒಂದು ತಲೆಮಾರು.

ಇಷ್ಟು ಓದಿದವಳು ಸುಮ್ಮನಿರುವುದುಂಟೇ? ನಾನೂ ಪ್ರಯೋಗಕ್ಕೆ ಇಳಿದೆ. ಎರಡು ಬಾಟಲಿ ಮುಚ್ಚಳ. ಒಂದರಲ್ಲಿ ಗ್ಲೂಕೋಸ್ ಪುಡಿ ಕಲಸಿದ್ದು, ಇನ್ನೊಂದರಲ್ಲಿ ಊರಿನಿಂದ ಬಂದ ಜೋನಿಬೆಲ್ಲ. ಜಿರಲೆಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲವೆಂದು ಬ್ಯಾಟರಿಗೆ ಹೂಗುಚ್ಛದ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಸ್ಟೂಲು ಹಾಕಿಕೊಂಡು ಹನ್ನೊಂದೂವರೆಯಿಂದ ಕಾದೆ. ಒಂದು ಗಂಟೆಗೆ ಇವರು ಎದ್ದು ಬಂದು, ಕತ್ತಲಲ್ಲಿ ಕೆಂಪು ದೀಪ ಹಿಡಿದು ಕೂತ ಹೆಂಡತಿಯನ್ನು ನೋಡಿ, ಏನೂ ಕೇಳದೆ ನೀರು ಕುಡಿದು ಹೋದರು. ಒಂದು ಜಿರಲೆ ಬಂತು. ಗ್ಲೂಕೋಸಿನ ಅಂಚಿಗೆ ಮೀಸೆ ತಾಗಿಸಿತು. ನಾನು ಮುಂದಕ್ಕೆ ಬಾಗಿದೆ, ಸ್ಟೂಲು ಕಿರ್ ಎಂದಿತು, ಅದು ಮಾಯ. ಬೆಳಿಗ್ಗೆ ನೋಡಿದರೆ ಎರಡೂ ಮುಚ್ಚಳಕ್ಕೆ ಇರುವೆ ಮುತ್ತಿತ್ತು. ಅವಕ್ಕೆ ಯಾವ ಭೇದವೂ ಇರಲಿಲ್ಲ. ನಮ್ಮನೆಯವು ಆ ಹಟದ ಕುಲದವೋ, ಹುಡುಗ ಇಟ್ಟ ಜೆಲ್ಲೇ ಹಳತಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಈ ಕಹಿ ನಾಲಿಗೆಯ ಫಲ ಊಟಕ್ಕಷ್ಟೇ ನಿಲ್ಲಲಿಲ್ಲ, ಸಂಸಾರಕ್ಕೂ ಬಂತು. ಗಂಡು ಜಿರಲೆ ಹೆಣ್ಣನ್ನು ಒಲಿಸುವುದು ಸಿಹಿ ತಿನ್ನಿಸಿ. ರೆಕ್ಕೆ ಎತ್ತಿ ಬೆನ್ನು ತೋರಿಸುತ್ತದೆ, ಬೆನ್ನಿನ ಗ್ರಂಥಿಯಲ್ಲಿ ಸಕ್ಕರೆ ಅಂಶದ ಸ್ರಾವ. ಹೆಣ್ಣು ಬೆನ್ನೇರಿ ಅದನ್ನು ನೆಕ್ಕುತ್ತಿರುವಾಗಲೇ ಗಂಡು ಕೂಡಲು ಶುರು ಮಾಡಬೇಕು. ಆ ಸ್ರಾವದಲ್ಲಿರುವುದು ಮಾಲ್ಟೋಸು. ಹೆಣ್ಣಿನ ಎಂಜಲು ತಾಗಿ ಸೆಕೆಂಡುಗಳಲ್ಲಿ ಅದು ಗ್ಲೂಕೋಸಾಗುತ್ತದೆ. ಗ್ಲೂಕೋಸು ಕಹಿಯೆನಿಸುವ ಹೆಣ್ಣು ಬಾಯಿ ಹಾಕಿದ್ದೇ ಕೆಳಗಿಳಿದು ನಡೆದುಬಿಡುತ್ತದೆ. ಗಂಡು ರೆಕ್ಕೆ ಎತ್ತಿಕೊಂಡು ನಿಂತದ್ದೇ ಬಂತು. ಅದೇ ಪ್ರಯೋಗಾಲಯದವರು 2022ರಲ್ಲಿ ಇದನ್ನು ತೋರಿಸಿದಾಗ, ಅಂಥ ಕುಲ ತಾನೇ ನಶಿಸಿ ಹೋದೀತೇನೋ ಎನ್ನಿಸಬಹುದಿತ್ತು. ಮರುವರ್ಷದ ಸಂಶೋಧನೆಯಲ್ಲಿ ಗಂಡುಗಳು ಉಪಾಯ ಕಂಡುಕೊಂಡಿದ್ದವು. ಸ್ರಾವದಲ್ಲಿ ಬೇಗ ಗ್ಲೂಕೋಸಾಗುವ ಸಕ್ಕರೆ ಕಡಿಮೆ, ನಿಧಾನಕ್ಕೆ ಒಡೆಯುವ ಮಾಲ್ಟೋಟ್ರಯೋಸು ಹೆಚ್ಚು. ಸಾಲದ್ದಕ್ಕೆ, ಬೇಗ ಶುರು ಮಾಡುವುದನ್ನೂ ರೂಢಿಸಿಕೊಂಡಿದ್ದವು. ಕಂಪನಿಯವನು ಜೆಲ್ಲಿನ ಪಾಕ ಬದಲಿಸಿದ, ಗಂಡು ಜಿರಲೆ ತನ್ನ ಪಾಕ ಬದಲಿಸಿತು. ಇದನ್ನು ಊಟದ ಮೇಜಿನಲ್ಲಿ ವಿವರಿಸಹೊರಟು ಅತ್ತೆಯಿಂದ ಬೈಸಿಕೊಂಡೆ.

ಹಾಗೆಂದು ಇದನ್ನೆಲ್ಲ ಮೆಚ್ಚಿ ಸುಮ್ಮನೆ ಕೂರುವಂತಿಲ್ಲ. ಜಿರಲೆಯ ಹಿಕ್ಕೆ, ಉದುರಿದ ಪೊರೆಯ ಪುಡಿ ಮಕ್ಕಳಿಗೆ ಉಬ್ಬಸ ತರಬಲ್ಲದು. ನನ್ನ ಮಗನಿಗೆ ಮೊದಲೇ ಶ್ವಾಸದ ತೊಂದರೆ. ಮಾಡುವುದೇನು? ಎಲ್ಲರ ಕೈಗೆ ಮೊದಲು ಬರುವುದು ಸ್ಪ್ರೇ ಡಬ್ಬ. ಹೊಡೆದಾಗ ಎದುರಿಗಿದ್ದವು ಬೀಳುತ್ತವೆ, ಒಳಗಿದ್ದವು ಪೈಪಿನ ಸಂದಿಯಿಂದ ಪಕ್ಕದ ಮನೆಗೆ ಹೋಗುತ್ತವೆ. ಕೋಣೆ ತುಂಬ ಹೊಗೆಯಂತೆ ವಿಷ ಹರಡುವ ಡಬ್ಬಗಳನ್ನು ನಾರ್ತ್ ಕೆರೊಲಿನಾದವರೇ ಮನೆಗಳಲ್ಲಿ ಇಟ್ಟು ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟರು. ಜಿರಲೆ ಕಡಿಮೆಯಾಗಲಿಲ್ಲ, ವಿಷ ಮಾತ್ರ ನೆಲ, ಅಡುಗೆಕಟ್ಟೆಗಳ ಮೇಲೆ ಉಳಿಯಿತು. ಅವೇ ವಸತಿಗಳಲ್ಲಿ ಜೆಲ್ ಕೆಲಸ ಮಾಡಿತು. ಜೆಲ್ ನಿಧಾನ ವಿಷ. ತಿಂದದ್ದು ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ ತಿಂದ ಮರಿಗಳೂ ಸಾಯುತ್ತವೆ.

ಆದರೆ ಯಾವ ಜೆಲ್? ಅದೇ ವರ್ಷ ಪರ್ಡ್ಯೂ ವಿಶ್ವವಿದ್ಯಾಲಯದ ಮೈಕೆಲ್ ಶಾರ್ಫ್ ತಂಡ ಇಂಡಿಯಾನಾ, ಇಲಿನಾಯ್‌ಗಳ ವಸತಿ ಕಟ್ಟಡಗಳಲ್ಲಿ ಆರು ತಿಂಗಳು ಲೆಕ್ಕ ಇಟ್ಟಿತು. ಮೂರು ಔಷಧಿಗಳನ್ನು ತಿಂಗಳಿಗೊಂದರಂತೆ ಬದಲಿಸಿದರೆ ಜಿರಲೆ ಹೆಚ್ಚಲಿಲ್ಲ, ತಗ್ಗಲೂ ಇಲ್ಲ. ಎರಡನ್ನು ಬೆರೆಸಿ ಹೊಡೆದಲ್ಲಿ ಹೆಚ್ಚಾದವು. ಮೊದಲೇ ಹಿಡಿದು ಪರೀಕ್ಷಿಸಿ, ಯಾವುದಕ್ಕೆ ಅವು ಇನ್ನೂ ಒಗ್ಗಿಲ್ಲವೋ ಆ ಒಂದೇ ಜೆಲ್ ಇಟ್ಟಲ್ಲಿ ಹೆಚ್ಚುಕಡಿಮೆ ನಿರ್ನಾಮ. ಬೆಚ್ಚಿಬೀಳಿಸಿದ ಅಂಕಿ ಬೇರೆಯದು: ಒಂದೇ ತಲೆಮಾರಿನಲ್ಲಿ ವಿಷ ತಾಳುವ ಶಕ್ತಿ ನಾಲ್ಕರಿಂದ ಆರು ಪಟ್ಟು ಏರಿತ್ತು, ಅದೂ ಕೆಲವು ಸಲ ತಾವು ಎಂದೂ ಕಾಣದ ಔಷಧಿಗೂ. ನಮ್ಮ ಹುಡುಗರಿಗೆ ಈ ಪರೀಕ್ಷೆಯ ಸುದ್ದಿಯೇ ಇಲ್ಲ. ವರ್ಷದ ಗುತ್ತಿಗೆ, ಮೂರು ಸಲದ ಭೇಟಿ, ಅದೇ ಕೊಳವೆ. ಇದರ ಬಗ್ಗೆ ನನಗೆ ಸಿಟ್ಟಿದೆ. ಆ ಹುಡುಗನ ಮೇಲಲ್ಲ, ಅವನಿಗೆ ಕೈಗವಸು ಕೂಡ ಕೊಟ್ಟಿರಲಿಲ್ಲ.

ಸೊಸೈಟಿ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಒಂದೊಂದೇ ಮನೆ ಮಾಡಿಸಿದರೆ ಉಪಯೋಗವಿಲ್ಲ, ಎಲ್ಲ ಮನೆಗೂ ಒಂದೇ ದಿನ ಆಗಬೇಕು, ಡಕ್ಟಿನ ಪೈಪುಗಳ ಸುತ್ತಲಿನ ತೂತು ಮುಚ್ಚಬೇಕು ಎಂದೆ. ಖರ್ಚಿನ ಮಾತು ಬಂದದ್ದೇ ತಡ, ನೆಲಮಹಡಿಯ ಬಾಡಿಗೆ ಹುಡುಗರ ಮೇಲೆ ಎಲ್ಲರ ಬೆರಳು. ಆರು ಜನ ಒಂದೇ ಕೋಣೆಯಲ್ಲಿ ಇರುತ್ತಾರೆ, ರಾತ್ರಿ ಎಷ್ಟೊತ್ತಿಗೋ ಅಡುಗೆ ಮಾಡುತ್ತಾರೆ, ಎಲ್ಲಿಯವರೋ ಏನೋ. ಹುಡುಗರಲ್ಲಿ ಇಬ್ಬರು ಬಾಗಿಲ ಬಳಿ ನಿಂತಿದ್ದರು, ಬಾಡಿಗೆಯವರಿಗೆ ಕುರ್ಚಿ ಇರಲಿಲ್ಲ. ಅಪ್ಪಯ್ಯ ಸಾಮಾನ್ಯವಾಗಿ ಮೀಟಿಂಗಿನಲ್ಲಿ ತೂಕಡಿಸುವವರು. ಕಣ್ಣು ಬಿಡದೆಯೇ, ಅರವತ್ತೈದು ವರ್ಷ ಹಳೆಯ ತಮ್ಮ ಹೋಟೆಲು ಮರಾಠಿಯಲ್ಲಿ, ‘ಪೈಪ್ ತರ್ ಸಗಳ್ಯಾಂಚಾ ಏಕಚ್ ಆಹೇ ನಾ?’ ಅಂದರು. ಪೈಪು ಎಲ್ಲರದೂ ಒಂದೇ ತಾನೇ? ಕಾಕೂ ಮೊದಲು ನಕ್ಕರು, ಮತ್ತೆ ಅವರೇ ಕೈ ಎತ್ತಿದರು.

ಎಲ್ಲ ಮನೆಗೂ ಆಯಿತು. ಬೇರೆ ಔಷಧಿಯ ಜೆಲ್ ಕೇಳಿ ಹಾಕಿಸಿದೆವು, ತೂತುಗಳಿಗೆ ಬಿಳಿ ಸಿಮೆಂಟು ಮೆತ್ತಿಸಿದೆವು. ನಾನು ಸಿಂಕಿನ ಕೆಳಗೆ ಅಂಟುಕಾಗದ ಇಟ್ಟು ಭಾನುವಾರ ಭಾನುವಾರ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಜಿರಲೆಯ ಲೆಕ್ಕ: 41, 23, 9, 4.

ಐದನೆಯ ವಾರ ಒಂದೇ ಒಂದು. ಹೆಣ್ಣು, ಸತ್ತು ಅಂಟಿಕೊಂಡಿತ್ತು. ಅದರ ಹಿಂದೆ ಮೊಟ್ಟೆಪೆಟ್ಟಿಗೆ ಬಾಯಿಬಿಟ್ಟು, ಸುತ್ತ ಎಳ್ಳು ಚೆಲ್ಲಿದಂತೆ ಮರಿಗಳು, ಹುಟ್ಟಿದಲ್ಲೇ ಅಂಟಿ ಹೋದವು. ಒಂದು ಬೆರಳಿನಗಲ ದೂರವೂ ಹೋಗಿರಲಿಲ್ಲ. ಅಪ್ಪಯ್ಯ ಕನ್ನಡಕ ಹಾಕಿಕೊಂಡು, ಗಲ್ಲಾದಲ್ಲಿ ಚಿಲ್ಲರೆ ಎಣಿಸುವ ಹಾಗೆ ಕಡ್ಡಿಯ ತುದಿಯಲ್ಲಿ ಒಂದೊಂದನ್ನೇ ಎಣಿಸಿದರು.

‘ಮೂವತ್ತೊಂದ್,’ ಅಂದರು. ‘ಎಲ್ಲ ಡೊಂಬಿವಲಿದ್ದೇ.’

ನಾನು ಕ್ಯಾಲೆಂಡರಿನಲ್ಲಿ ಒಂದು ಎಂದು ಬರೆಯಲೋ, ಮೂವತ್ತೆರಡು ಎಂದು ಬರೆಯಲೋ ಗೊತ್ತಾಗದೆ ಪೆನ್ನು ಹಿಡಿದು ನಿಂತಿದ್ದೆ.